ಕಡಲ ಬಸವನಹುಳುವಿನ ವಿಷ ಮತ್ತು ಮನುಷ್ಯನ ನೋವು

ಮಳೆಗಾಲದಲ್ಲಿ ಹಿತ್ತಲ ಗೋಡೆಯ ಮೇಲೂ ಹೊಲದ ಬದುವಿನಲ್ಲಿಯೂ ಮೆಲ್ಲನೆ ಸಾಗುವ ಬಸವನಹುಳುವನ್ನು ಕಾಣದವರಾರು? ಸಾಧುತನಕ್ಕೆ ಅದು ನಿದರ್ಶನವೆಂಬಂತಿದೆ. ಆದರೆ ಅದರ ದೂರದ ಬಂಧುವೊಂದು ಉಷ್ಣವಲಯದ ಕಡಲುಗಳಲ್ಲಿ ವಾಸಿಸುತ್ತದೆ. ಶಂಕುವಿನಾಕಾರದ, ಚಿತ್ತಾರ ಬರೆದಂತಹ ಚಿಪ್ಪನ್ನು ಹೊತ್ತ ಈ ಜೀವಿಗೆ ವಿಜ್ಞಾನಿಗಳು ‘ಕೋನಸ್’ ಎಂದು ಹೆಸರಿಟ್ಟಿದ್ದಾರೆ. ಇದರಲ್ಲಿ 700ಕ್ಕೂ ಹೆಚ್ಚು ಪ್ರಭೇದಗಳುಂಟು; ಎಲ್ಲವೂ ವಿಷವುಳ್ಳವು. ಆ ವಿಷದಿಂದಲೇ ಮನುಷ್ಯನ ಸಹಿಸಲಾಗದ ವೇದನೆಗೆ ಔಷಧವೊಂದು ದೊರೆತ ಬಗೆಯನ್ನು ಓದುಗರ ಮುಂದಿಡಬಯಸುತ್ತೇವೆ.

ತೆವಳುವ ಜೀವಿ ಈಜುವ ಮೀನನ್ನು ಹಿಡಿಯುವುದಾದರೂ ಹೇಗೆ? ಕೋನಸ್ಸಿನ ಹಲ್ಲು ಟೊಳ್ಳಾದ ಈಟಿಯಂತೆ ಮಾರ್ಪಟ್ಟಿದೆ. ಅದು ಸೊಂಡಿಲನ್ನು ಚಾಚಿ, ಮೀನು ಸಮೀಪಿಸಿದೊಡನೆ ಈಟಿಯನ್ನು ಚುಚ್ಚಿ ವಿಷವನ್ನು ಹರಿಸುತ್ತದೆ. ಕ್ಷಣಮಾತ್ರದಲ್ಲಿ ಮೀನು ಸೆಟೆದು ಹೋಗುತ್ತದೆ. ‘ಕೋನಸ್ ಜಿಯೋಗ್ರಾಫಸ್’ ಎಂಬ ಪ್ರಭೇದದ ಚುಚ್ಚುವಿಕೆಯಿಂದ ಮನುಷ್ಯರೂ ಪ್ರಾಣ ಕಳೆದುಕೊಂಡಿದ್ದಾರೆ.

ಈ ವಿಷವು ನೂರಾರು ಪೆಪ್ಟೈಡುಗಳ ಮಿಶ್ರಣ. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಚಿಕ್ಕ ಸರ. ನಮ್ಮ ನರಗಳ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು ಹಾದುಹೋಗುವ ಸೂಕ್ಷ್ಮ ಬಾಗಿಲುಗಳಿವೆ. ಇವು ತೆರೆದು ಮುಚ್ಚುವುದರಿಂದಲೇ ಸಂದೇಶಗಳು ಸಾಗುತ್ತವೆ. ವಿಷದ ಒಂದು ಪೆಪ್ಟೈಡು ಸೋಡಿಯಂ ಬಾಗಿಲು ಮುಚ್ಚದಂತೆ ತಡೆದರೆ, ಇನ್ನೊಂದು ಕ್ಯಾಲ್ಸಿಯಂ ಬಾಗಿಲನ್ನೇ ಬಂಧಿಸುತ್ತದೆ. ಮತ್ತೊಂದು ನರದ ಸಂದೇಶವು ಸ್ನಾಯುವನ್ನು ಮುಟ್ಟದಂತೆ ಮಾಡುತ್ತದೆ. ಬೀಗಕ್ಕೆ ತಕ್ಕ ಕೀಲಿಯಂತೆ ಒಂದೊಂದಕ್ಕೂ ತನ್ನದೇ ಆದ ಗುರಿಯುಂಟು.

ಈ ಗುಟ್ಟನ್ನು ಬಿಡಿಸಿದವರಲ್ಲಿ ಪ್ರಮುಖರು ಫಿಲಿಪ್ಪೀನ್ಸಿನಲ್ಲಿ ಜನಿಸಿದ ಬಾಲ್ಡೊಮೆರೊ ಒಲಿವೇರಾ. ಅಮೆರಿಕದಲ್ಲಿ ವ್ಯಾಸಂಗ ಮುಗಿಸಿ ತಾಯ್ನಾಡಿಗೆ ಮರಳಿದಾಗ ಅವರಿಗೆ ಬೇಕಾದ ಉಪಕರಣಗಳು ಅಲ್ಲಿರಲಿಲ್ಲ. ಆದುದರಿಂದ ಅಲ್ಲಿನ ಕಡಲಲ್ಲೇ ಸಿಗುವ ಕೋನಸ್ಸನ್ನು ಅಧ್ಯಯನಕ್ಕೆ ಆಯ್ದುಕೊಂಡರು. ಬಳಿಕ ಅವರು ಅಮೆರಿಕದ ಯೂಟಾ ವಿಶ್ವವಿದ್ಯಾಲಯಕ್ಕೆ ತೆರಳಿ ಅಧ್ಯಯನವನ್ನು ಮುಂದುವರಿಸಿದರು. ಅಲ್ಲಿನ ವಿದ್ಯಾರ್ಥಿಯೊಬ್ಬ ವಿಷದ ಅಂಶಗಳನ್ನು ಬೇರ್ಪಡಿಸಿ ಇಲಿಗಳ ಮಿದುಳಿಗೆ ನೀಡಿ ನೋಡಿದ. ಒಂದು ಅಂಶದಿಂದ ಇಲಿ ನಿದ್ರಿಸಿತು, ಒಂದರಿಂದ ನಡುಗಿತು, ಮತ್ತೊಂದರಿಂದ ಮೈ ಕೆರೆದುಕೊಂಡಿತು. ಆಗಷ್ಟೇ ಹೈಸ್ಕೂಲು ಮುಗಿಸಿ ಬಂದಿದ್ದ ಮೈಕೇಲ್ ಮ್ಯಾಕಿಂತೋಷ್ ‘ಕೋನಸ್ ಮೇಗಸ್’ ಎಂಬ ಹುಳುವಿನ ವಿಷದಿಂದ 25 ಅಮೈನೋ ಆಮ್ಲಗಳ ಪೆಪ್ಟೈಡೊಂದನ್ನು ಶುದ್ಧೀಕರಿಸಿದರು. ಅದೇ ಮುಂದೆ ‘ಜಿಕೊನೊಟೈಡ್’ ಎಂಬ ಔಷಧವಾಯಿತು. 2004ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಅದಕ್ಕೆ ಮನ್ನಣೆ ನೀಡಿತು.

ಇದರ ಕ್ರಿಯೆ ವಿಸ್ಮಯಕರವಾದುದು. ನೋವಿನ ಸುದ್ದಿ ಹೊತ್ತ ನರವು ಬೆನ್ನುಹುರಿಯಲ್ಲಿ ಅದನ್ನು ಮತ್ತೊಂದು ನರಕ್ಕೆ ಒಪ್ಪಿಸಬೇಕು. ಆ ಒಪ್ಪಿಸುವಿಕೆಗೆ ‘ಎನ್’ ಮಾದರಿಯ ಕ್ಯಾಲ್ಸಿಯಂ ಬಾಗಿಲು ತೆರೆಯಬೇಕು. ಜಿಕೊನೊಟೈಡ್ ಆ ಬಾಗಿಲನ್ನೇ ಮುಚ್ಚುವುದರಿಂದ ಸುದ್ದಿ ಮಿದುಳನ್ನು ತಲುಪದು. ಮೀನಿನ ಸ್ನಾಯುಗಳ ಚಲನೆಗೆ ಇದೇ ಮಾದರಿಯ ಬಾಗಿಲು ಆಧಾರವಾದುದರಿಂದ ಅದು ಸ್ತಬ್ಧವಾಗುತ್ತದೆ. ಮನುಷ್ಯನ ಸ್ನಾಯುಗಳು ಮುಖ್ಯವಾಗಿ ಬೇರೊಂದು ಮಾದರಿಯನ್ನು ಆಶ್ರಯಿಸಿವೆ. ಮೀನಿಗೆ ಮೃತ್ಯುವಾದುದು ಮನುಷ್ಯನಿಗೆ ಉಪಶಮನವಾದುದರ ಮರ್ಮ ಇದು.

ಮಾರ್ಫಿನ್ನಿಗೆ ದೇಹವು ಒಗ್ಗಿಕೊಳ್ಳುತ್ತಾ ಹೋದಂತೆ ಪ್ರಮಾಣವನ್ನು ಏರಿಸಬೇಕಾಗುತ್ತದೆ. ಪ್ರಮಾಣ ಮಿತಿಮೀರಿದರೆ ಉಸಿರಾಟ ಕುಗ್ಗುತ್ತದೆ. ಜಿಕೊನೊಟೈಡಿನಲ್ಲಿ ಈ ಎರಡು ತೊಡಕುಗಳಿಲ್ಲ. ಆದರೂ ಇದು ಸುಲಭದ ಮದ್ದಲ್ಲ. ಬಾಯಿಂದ ಸೇವಿಸುವಂತಿಲ್ಲ; ಪಂಪಿನ ಮೂಲಕ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಹನಿಹನಿಯಾಗಿ ಸೇರಿಸಬೇಕು. ಪ್ರಮಾಣ ಕೊಂಚ ಹೆಚ್ಚಿದರೂ ತಲೆತಿರುಗು, ಗೊಂದಲ, ಇಲ್ಲದುದನ್ನು ಕಾಣುವ ಭ್ರಮೆ ಉಂಟಾಗಬಹುದು. ತೀವ್ರ ಮಾನಸಿಕ ವ್ಯಾಧಿ ಇದ್ದವರಿಗೆ ಇದನ್ನು ಕೊಡರು. ಇತರ ಉಪಾಯಗಳು ಫಲಿಸದವರಿಗಷ್ಟೇ ಇದು ಮೀಸಲು. ವತ್ಸನಾಭಿಯನ್ನು ಶೋಧಿಸದೆ ಬಳಸಬಾರದೆಂಬ ನಮ್ಮ ವೈದ್ಯಪರಂಪರೆಯ ಎಚ್ಚರವೂ ಇಂತಹುದೇ. ಈ ಔಷಧವನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸುವುದರಿಂದ ಹುಳುಗಳನ್ನು ಕೊಲ್ಲಬೇಕಾಗಿಲ್ಲ ಎಂಬುದು ಸಮಾಧಾನದ ಸಂಗತಿ.

ಕೋನಸ್ ಹುಳುಗಳು ಮನ್ನಾರ್ ಕೊಲ್ಲಿಯಲ್ಲಿಯೂ ಲಕ್ಷದ್ವೀಪದಲ್ಲಿಯೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಂ ಮತ್ತು ಸಂಗಡಿಗರು ನಮ್ಮ ಕಡಲಿನ ಕೋನಸ್ಸುಗಳ ಪೆಪ್ಟೈಡುಗಳನ್ನು ಪರಿಶೋಧಿಸಿದ್ದಾರೆ. ಸಮುದ್ರತೀರಕ್ಕೆ ಪ್ರವಾಸ ಹೋಗುವ ಕುಟುಂಬಗಳು ಮಕ್ಕಳಿಗೆ ಒಂದು ಮಾತನ್ನು ಹೇಳಿರಬೇಕು: ಚೆಲುವಾದ ಶಂಕುಚಿಪ್ಪು ಕಂಡರೆ ಮುಟ್ಟಬಾರದು. ಈ ವಿಷಕ್ಕೆ ಪ್ರತಿವಿಷವಿಲ್ಲ. ಚುಚ್ಚಿದರೆ ನೋವು ಕಾಣದಿದ್ದರೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕೃತಕ ಉಸಿರಾಟದ ನೆರವಿನಿಂದ ಜೀವ ಉಳಿಯಬಲ್ಲುದು.

ಮನೆಯ ಹಿರಿಯರು ಅರ್ಬುದದಂತಹ ವ್ಯಾಧಿಯಲ್ಲಿ ನರಳುವಾಗಲೂ ಸಹನೆಯೇ ಗುಣವೆಂದು ಮೌನವಾಗಿರುವುದುಂಟು. ನೋವೆಂಬುದು ನರದ ಒಂದು ಬಾಗಿಲಿನಿಂದ ಹಾಯುವ ಸುದ್ದಿ. ಅದನ್ನು ತಡೆಯಲು ಇಂದು ಹಲವು ದಾರಿಗಳಿವೆ. ಎಲ್ಲರಿಗೂ ಜಿಕೊನೊಟೈಡ್ ಬೇಕಾಗದು, ಮಾರ್ಫಿನ್ನೇ ಸಾಕಾಗಬಹುದು. ಯಾವುದು ತಕ್ಕುದೆಂಬುದನ್ನು ವೈದ್ಯರು ನಿರ್ಧರಿಸುವರು. ಹಿರಿಯರ ಪರವಾಗಿ ವೈದ್ಯರನ್ನು ಕೇಳುವ ಹೊಣೆ ಮನೆಯವರದು.