ಕಲ್ಲಂಗಡಿ ಎರಡು ಕಿಲೋ ಇದ್ದರೆ?

ಕೋಡ್‌ಫೋರ್ಸಸ್ ತಾಣದ ಪ್ರೋಗ್ರಾಮಿಂಗ್ ಸ್ಪರ್ಧೆಗಳು ನಮ್ಮಲ್ಲಿ ಹೆಚ್ಚಾಗಿ ಶುರುವಾಗುವುದು ರಾತ್ರಿ 8.05ಕ್ಕೆ. ರಷ್ಯಾದ ಸರಾತೋವ್ ವಿಶ್ವವಿದ್ಯಾಲಯದವರು 2010ರಲ್ಲಿ ಆರಂಭಿಸಿದ ತಾಣ ಅದು. ಮಳೆಗಾಲದಲ್ಲಿ ಅಷ್ಟು ಹೊತ್ತಿಗೆ ಜಾಲ್ಸೂರಿನ ಕಡೆ ಕರೆಂಟು ಹೋಗುವುದು, ನೆಟ್‌ವರ್ಕ್ ಕೈಕೊಡುವುದು ಹೊಸತೇನಲ್ಲ. ಅಲ್ಲಿಂದ ಸುಳ್ಯದ ಇಂಜಿನಿಯರಿಂಗ್ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯೊಬ್ಬಳು ಮನೆಯಲ್ಲಿ ಕೂತು ಸ್ಪರ್ಧೆಗೆ ಇಳಿದಳು ಎನ್ನಿ. ಎರಡು ಗಂಟೆಯಲ್ಲಿ ಐದಾರು ಲೆಕ್ಕ ಬಿಡಿಸಬೇಕು.

ಕೋಡ್‌ಫೋರ್ಸಸ್ ತಾಣದ ಹಳೆಯ ಲೆಕ್ಕವೊಂದು ಹೀಗಿದೆ: ಇಷ್ಟು ಕಿಲೋ ತೂಕದ ಕಲ್ಲಂಗಡಿಯನ್ನು ಇಬ್ಬರಿಗೆ ಹಂಚಬೇಕು, ಇಬ್ಬರ ಪಾಲೂ ಸಮಸಂಖ್ಯೆಯ ಕಿಲೋ ಆಗಬೇಕು. ಸಾಧ್ಯವೇ? ಜೊತೆಗೆ ಒಂದು ಮಾದರಿ ಕೊಟ್ಟಿರುತ್ತಾರೆ: 8 ಕೊಟ್ಟರೆ 'ಯೆಸ್' ಬರಬೇಕು.

ಇಲ್ಲಿ ಮಾದರಿ ಒಂದೇ ಅಂಕಿ. ಬೇರೆ ಲೆಕ್ಕಗಳಲ್ಲಿ ಎರಡು ಮೂರು ಮಾದರಿಗಳು, ಒಂದೊಂದರಲ್ಲೂ ಸಾಲುಗಟ್ಟಲೆ ಸಂಖ್ಯೆಗಳು. ಅವನ್ನು ಕಾಪಿ ಮಾಡಿ, ಪ್ರೋಗ್ರಾಮಿಗೆ ಉಣಿಸಿ, ಬಂದ ಉತ್ತರವನ್ನು ಕಣ್ಣಲ್ಲೇ ತಾಳೆ ನೋಡಬೇಕು. ಕೋಡಿನಲ್ಲಿ ಒಂದಕ್ಷರ ತಿದ್ದಿದರೆ ಮತ್ತೆ ಮೊದಲಿಂದ. ಬೇಸತ್ತ ಕಣ್ಣು ತಪ್ಪುವುದು ಇಲ್ಲೇ.

'ಕಾಂಪಿಟಿಟಿವ್ ಕಂಪ್ಯಾನಿಯನ್' ಎಂಬ ಉಚಿತ ಬ್ರೌಸರ್ ಎಕ್ಸ್‌ಟೆನ್ಶನ್ ಈ ಚಾಕರಿಯನ್ನು ವಹಿಸಿಕೊಳ್ಳುತ್ತದೆ. ಲೆಕ್ಕದ ಪುಟ ತೆರೆದು ಅದರ ಗುಂಡಿ ಒತ್ತಿದರೆ ಲೆಕ್ಕದ ಹೆಸರು, ಸಮಯದ ಮಿತಿ, ಮೆಮೊರಿಯ ಮಿತಿ, ಮಾದರಿಗಳು ಎಲ್ಲವನ್ನೂ ಹೆಕ್ಕಿ ಜೇಸನ್ ಎಂಬ ಒಪ್ಪವಾದ ಪಠ್ಯರೂಪದಲ್ಲಿ ಕಟ್ಟುತ್ತದೆ. ಆ ಕಟ್ಟು ಹೊರಗೆಲ್ಲೂ ಹೋಗುವುದಿಲ್ಲ. ಅದೇ ಕಂಪ್ಯೂಟರಿನ ಒಂದು ಪೋರ್ಟಿನಲ್ಲಿ ಕೋಡ್ ಬರೆಯುವ ಎಡಿಟರ್ ಕಾದಿರುತ್ತದೆ, ಅದಕ್ಕೆ ತಲುಪುತ್ತದೆ. ಎಡಿಟರ್ ಅದನ್ನು ಫೈಲಾಗಿ ಉಳಿಸಿಕೊಂಡು, ಕೀಲಿ ಒತ್ತಿದಾಗಲೆಲ್ಲ ಪ್ರೋಗ್ರಾಮನ್ನು ಎಲ್ಲ ಮಾದರಿಗಳ ಮೇಲೂ ಓಡಿಸಿ, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತದೆ. ಪುಟದಲ್ಲಿ ಮಾದರಿ ಎಲ್ಲಿದೆ ಎಂದು ಗುರುತಿಸುವ ಬಗೆ ಒಂದೊಂದು ತಾಣಕ್ಕೆ ಒಂದೊಂದು. ತಾಣದವರು ವಿನ್ಯಾಸ ಬದಲಿಸಿದರೆ ಅದು ಕೆಡುತ್ತದೆ, ಯಾರಾದರೂ ಕೂತು ರಿಪೇರಿ ಮಾಡಬೇಕು.

ತಾಳೆ ನೋಡುವುದೂ ಸುಲಭವಲ್ಲ. ಸಾಲಿನ ಕೊನೆಯಲ್ಲಿ ಖಾಲಿ ಜಾಗ ಉಳಿದರೆ ತಪ್ಪೆನ್ನಬಾರದು. 0.333333 ಮತ್ತು 0.3333334 ಅನೇಕ ಲೆಕ್ಕಗಳಲ್ಲಿ ಎರಡೂ ಸರಿ.

ಹಳ್ಳಿಮನೆಯಲ್ಲಿ ಕೂತವರಿಗೆ ಈ ಎಕ್ಸ್‌ಟೆನ್ಶನ್‌ನಿಂದ ಇನ್ನೊಂದು ಉಪಕಾರವಿದೆ, ನನಗೆ ಅದೇ ದೊಡ್ಡದೆನಿಸುತ್ತದೆ. ಸ್ಪರ್ಧೆ ಶುರುವಾದ ಕೂಡಲೇ ಎಲ್ಲ ಲೆಕ್ಕಗಳ ಮಾದರಿಗಳನ್ನೂ ಇಳಿಸಿಕೊಂಡರೆ, ಆಮೇಲೆ ನೆಟ್‌ವರ್ಕ್ ಹೋದರೂ ಪರೀಕ್ಷೆ ನಿಲ್ಲುವುದಿಲ್ಲ. ಉತ್ತರ ಸಲ್ಲಿಸುವಾಗಷ್ಟೇ ಸಿಗ್ನಲ್ ಬೇಕು.

ಆದರೆ ಹಸಿರು ಬಣ್ಣವನ್ನು ಪೂರ್ತಿ ನಂಬುವಂತಿಲ್ಲ. 'ಸಮಸಂಖ್ಯೆಯಾದರೆ ಯೆಸ್' ಎಂದಷ್ಟೇ ಬರೆದರೂ ಕಲ್ಲಂಗಡಿ ಲೆಕ್ಕದ ಮಾದರಿ ಹಸಿರಾಗುತ್ತದೆ. ಎರಡು ಕಿಲೋ ಹಣ್ಣನ್ನು ಹಂಚಿದರೆ ಒಂದು, ಒಂದು, ಎರಡೂ ಬೆಸ. ಅಲ್ಲಿ ಉತ್ತರ 'ನೋ'. ಕಾಲೇಜು ತಂಡಗಳ ಐಸಿಪಿಸಿಯಂಥ ಪ್ರೋಗ್ರಾಮಿಂಗ್ ಸ್ಪರ್ಧೆಯಲ್ಲಿ ಇಂಥ ಒಂದು ತಪ್ಪು ಸಲ್ಲಿಕೆಗೆ, ಲೆಕ್ಕ ಆಮೇಲೆ ಬಿಡಿಸಿದರೆ, 20 ನಿಮಿಷ ದಂಡ ಸೇರುತ್ತದೆ.

ಹಾಗಾಗಿ ಉಳಿದ ಸಮಯದಲ್ಲಿ ಆ ಹುಡುಗಿ ಇನ್ನೊಂದು ಮೊದ್ದು ಪ್ರೋಗ್ರಾಮ್ ಬರೆಯಲಿ. ಜಾಣತನ ಬೇಡ, ಹಣ್ಣನ್ನು ಕಿಲೋ ಲೆಕ್ಕದಲ್ಲಿ ಎಷ್ಟು ಬಗೆಯಲ್ಲಿ ಕತ್ತರಿಸಬಹುದೋ ಅಷ್ಟನ್ನೂ ಕತ್ತರಿಸಿ ನೋಡುವಂಥದ್ದು. ಈ ಲೆಕ್ಕದಲ್ಲಿ ತೂಕ 100 ದಾಟುವುದಿಲ್ಲ. ಒಂದರಿಂದ ನೂರರವರೆಗೆ ಎರಡೂ ಪ್ರೋಗ್ರಾಮುಗಳನ್ನು ಓಡಿಸಿ ಉತ್ತರ ಹೋಲಿಸಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ತೊಂಬತ್ತೊಂಬತ್ತು ಕಡೆ ಎರಡೂ ಒಂದೇ ಹೇಳುತ್ತವೆ. 2ರಲ್ಲಿ ಮಾತ್ರ ಬೇರೆಯಾಗುತ್ತವೆ.