ಕಾಂಡ್ಲಾ ಮತ್ತು ಸಿಗಡಿ: ಒಂದೇ ನೀರಿನ ಎರಡು ಬಾಳು

ಸಿಗಡಿ ಹೊಂಡ ಬಂದಲ್ಲಿ ಕಾಂಡ್ಲಾ ಕಾಡು ನಾಶವಾಗುತ್ತದೆ ಎಂಬುದು ಕರಾವಳಿಯ ಹಳೆಯ ದೂರು. ಏಷ್ಯಾದ ಅನೇಕ ತೀರಗಳಲ್ಲಿ ಅದು ನಿಜವೂ ಆಗಿದೆ. ಆದರೆ ಇವೆರಡೂ ಜೊತೆಯಾಗಿ ಬಾಳಬಲ್ಲವು ಎಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳು ಸಾಕ್ಷಿ. 4,801 ಹೆಕ್ಟೇರ್ ವಿಸ್ತೀರ್ಣದ ಈ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದೆ.

ಗಜನಿ ಎಂದರೇನು?

ಉಬ್ಬರದ ನೀರು ನುಗ್ಗುವ ತಗ್ಗು ಭೂಮಿಗೆ ಒಡ್ಡು ಕಟ್ಟಿ, ತೂಬು ಇರಿಸಿ ಮಾಡಿದ ಗದ್ದೆಯೇ ಗಜನಿ. ಮಳೆಗಾಲದಲ್ಲಿ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದಾಗ, ಉಪ್ಪು ಸಹಿಸುವ ಕಗ್ಗ ಭತ್ತವನ್ನು ಬೆಳೆಯಲಾಗುತ್ತದೆ. ಕೊಯ್ಲಿನ ನಂತರ ತೂಬು ತೆರೆದು ಉಬ್ಬರದ ನೀರನ್ನು ಒಳಬಿಡುವುದು ವಾಡಿಕೆ. ಅದರೊಡನೆ ಬಂದ ಸಿಗಡಿ ಹಾಗೂ ಮೀನಿನ ಮರಿಗಳು ಕೊಳೆಯುವ ಕೂಳೆಯ ನಡುವೆ ಮೇದು ಬೆಳೆಯುತ್ತವೆ. ಹೊರಗಿನ ಆಹಾರವಾಗಲೀ ಔಷಧವಾಗಲೀ ಬೇಕಿಲ್ಲ. ಒಡ್ಡಿನ ಹೊರಬದಿಯ ಕಾಂಡ್ಲಾ ಗಿಡಗಳು ಅಲೆಯ ಹೊಡೆತವನ್ನು ತಡೆಯುತ್ತವೆ. ಅವುಗಳ ಬೇರುಗಳ ನಡುವೆಯೇ ಸಿಗಡಿ ಮರಿಗಳಿಗೆ ಆಶ್ರಯ.

ಸಮತೋಲ ತಪ್ಪಿದ ಬಗೆ

ರಫ್ತು ಬೇಡಿಕೆ ಏರಿದಂತೆ ಗಜನಿಗಳ ಸಿಗಡಿ ಹಕ್ಕು ಗುತ್ತಿಗೆದಾರರ ಪಾಲಾಯಿತು. ಭತ್ತಕ್ಕೆ ಉಪ್ಪುನೀರು ಸಕಾಲದಲ್ಲಿ ಹೊರಹೋಗಬೇಕು. ಸಿಗಡಿಗೆ ಅದು ಉಳಿಯಬೇಕು. ಈ ತಿಕ್ಕಾಟದಲ್ಲಿ ಕಗ್ಗ ಹಿಂದೆ ಸರಿಯಿತು. ಹೊಂಡಗಳಿಗಾಗಿ ಕಾಂಡ್ಲಾ ಕಡಿದದ್ದೂ ಉಂಟು. 1990ರ ದಶಕದ ಮಧ್ಯಭಾಗದಲ್ಲಿ ಬಿಳಿಚುಕ್ಕೆ ರೋಗ ದೇಶದ ಸಿಗಡಿ ಕೃಷಿಯನ್ನೇ ತತ್ತರಿಸುವಂತೆ ಮಾಡಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ತೀವ್ರ ಸಿಗಡಿ ಕೃಷಿಗೆ ತಡೆಯೊಡ್ಡಿತಾದರೂ ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ನೀಡಿತು. 2005ರ ಕಾಯ್ದೆಯನ್ವಯ ಕರಾವಳಿ ಜಲಕೃಷಿ ಪ್ರಾಧಿಕಾರ ರಚನೆಯಾಯಿತು. ಕಾಂಡ್ಲಾ ಪ್ರದೇಶವನ್ನು ಹೊಂಡವಾಗಿ ಪರಿವರ್ತಿಸಬಾರದೆಂಬುದು ಅದರ ಮಾರ್ಗಸೂಚಿ.

ನೆಟ್ಟ ಮಾತ್ರಕ್ಕೆ ಬದುಕದು

ಹೊಂಡದೊಳಗೆ ಸಸಿ ನೆಟ್ಟರೆ ಕಾಡು ಮರಳಿ ಬರುತ್ತದೆ ಎಂಬ ನಂಬಿಕೆ ಅನೇಕ ಕಡೆ ಹುಸಿಯಾಗಿದೆ. ಅವಿಸೆನಿಯಾ ಜಾತಿಯ ಕಾಂಡ್ಲಾ ಕೆಸರಿನಿಂದ ಮೇಲೆದ್ದ ಬೇರುಗಳ ಮೂಲಕ ಉಸಿರಾಡುತ್ತದೆ. ಸಿಗಡಿಗಾಗಿ ವಾರಗಟ್ಟಲೆ ನೀರು ನಿಲ್ಲಿಸಿದರೆ ಆ ಬೇರುಗಳು ಮುಳುಗಿ, ಮರ ಉಸಿರುಗಟ್ಟಿ ಸಾಯುತ್ತದೆ. ಕಾಂಡ್ಲಾ ಕೆಸರನ್ನು ಅಗೆದು ಗಾಳಿಗೊಡ್ಡಿದರೆ ಅದರಲ್ಲಿರುವ ಗಂಧಕದ ಸಂಯುಕ್ತಗಳು ಆಮ್ಲವಾಗಿ ಸಿಗಡಿಗೂ ಕಂಟಕವಾಗುತ್ತವೆ. ಆದ್ದರಿಂದ ಮೊದಲು ಉಬ್ಬರವಿಳಿತದ ದಾರಿಯನ್ನು ತೆರೆಯಬೇಕು. ದಾರಿ ತೆರೆದಲ್ಲಿ ಬೀಜಗಳು ನೀರಿನೊಡನೆ ತಾವಾಗಿಯೇ ಬಂದು ನೆಲೆಯೂರುತ್ತವೆ. ಸಸಿ ನೆಡುವ ಅಗತ್ಯವಿದ್ದರೆ ಅದು ಅನಂತರದ ಮಾತು.

ಹೊರದೇಶಗಳ ಅನುಭವ

ವಿಯೆಟ್ನಾಂನ ಕಾ ಮಾವು ಪ್ರಾಂತ್ಯದ ರೈತರು ಕಾಂಡ್ಲಾ ಕಾಡಿನ ನಡುವಿನ ಕಾಲುವೆಗಳಲ್ಲಿ ಸಿಗಡಿ ಬೆಳೆದು, ಅಮಾವಾಸ್ಯೆ–ಹುಣ್ಣಿಮೆಯ ದೊಡ್ಡ ಉಬ್ಬರವಿಳಿತದ ಹೊತ್ತಿಗೆ ತೂಬಿನಲ್ಲಿ ಹಿಡಿಯುತ್ತಾರೆ. ಜರ್ಮನಿಯ ನ್ಯಾಚುರ್‌ಲ್ಯಾಂಡ್ ಸಂಸ್ಥೆಯ ಸಾವಯವ ಪ್ರಮಾಣಪತ್ರ ಬೇಕಾದರೆ, ಹಿಂದೆ ಕಾಂಡ್ಲಾ ಇದ್ದ ಜಾಗದ ಕನಿಷ್ಠ ಅರ್ಧದಷ್ಟು ಮತ್ತೆ ಕಾಡಾಗಿರಬೇಕು. ಇಂಡೋನೇಷ್ಯಾದ ದೆಮಾಕ್‌ನಲ್ಲಿ 2015ರಿಂದ ನಡೆದ ಯೋಜನೆಯಲ್ಲಿ ರೈತರು ಹೊಂಡದ ಒಂದು ಭಾಗವನ್ನು ನೀರಿನಂಚಿನ ಕಾಂಡ್ಲಾಕ್ಕೆ ಬಿಟ್ಟುಕೊಟ್ಟು ಒಡ್ಡನ್ನು ಹಿಂದಕ್ಕೆ ಸರಿಸಿದರು. ಮರಕ್ಕೆ ಉಬ್ಬರವಿಳಿತ, ಸಿಗಡಿಗೆ ನಿಂತ ನೀರು: ಎರಡಕ್ಕೂ ಬೇರೆ ಬೇರೆ ಜಾಗ ದೊರೆಯಿತು.

ತೂಬು ಯಾರ ಕೈಯಲ್ಲಿ?

ಭಾರತ ಅರಣ್ಯ ಸ್ಥಿತಿ ವರದಿಯ ಪ್ರಕಾರ ರಾಜ್ಯದ ಕಾಂಡ್ಲಾ ಪ್ರದೇಶ 2019ರಲ್ಲಿ 10 ಚದರ ಕಿ.ಮೀ. ಇದ್ದದ್ದು 2021ರಲ್ಲಿ 13ಕ್ಕೆ ಏರಿತು. ಕಾಂಡ್ಲಾ ಪುನಶ್ಚೇತನಕ್ಕಾಗಿ ಕೇಂದ್ರ ಸರ್ಕಾರ 2023ರಲ್ಲಿ ‘ಮಿಷ್ಟಿ’ ಯೋಜನೆಯನ್ನೂ ಆರಂಭಿಸಿದೆ. ಆದರೆ ಗಜನಿಯ ಭವಿಷ್ಯ ಸಸಿಗಳ ಸಂಖ್ಯೆಯಿಂದಷ್ಟೇ ನಿರ್ಧಾರವಾಗದು. ಒಂದು ಒಡ್ಡಿನ ಹಿಂದೆ ಹಲವು ಸಣ್ಣ ಹಿಡುವಳಿಗಳಿರುತ್ತವೆ. ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪು ನುಗ್ಗುತ್ತದೆ, ದುರಸ್ತಿ ಒಬ್ಬ ರೈತನಿಂದ ಆಗುವ ಕೆಲಸವಲ್ಲ. ತೂಬನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ತೀರ್ಮಾನ ಭೂಮಾಲೀಕರ ಒಟ್ಟು ಒಪ್ಪಿಗೆಯಿಂದ ಆದಲ್ಲಿ ಭತ್ತ, ಸಿಗಡಿ, ಕಾಂಡ್ಲಾ ಮೂರಕ್ಕೂ ಪಾಲು ಸಿಕ್ಕೀತು. ಅದು ಒಂದು ಹಂಗಾಮಿನ ಗುತ್ತಿಗೆದಾರನ ಕೈಗೆ ಹೋದಲ್ಲಿ ಮೂರೂ ಒಂದೊಂದಾಗಿ ಕೈಬಿಟ್ಟು ಹೋದಾವು.