ತಲೆಹೊಟ್ಟಿಗೆ ಎಣ್ಣೆಯೇ ಮದ್ದೇ?

ಮನೆಯಲ್ಲಿ ಯಾರ ಭುಜದ ಮೇಲಾದರೂ ತಲೆಯ ಹೊಟ್ಟು ಉದುರಿದುದು ಕಣ್ಣಿಗೆ ಬಿದ್ದೊಡನೆ ಹಿರಿಯರ ಬಾಯಿಂದ ಹೊರಡುವ ಮಾತು ಸಾಮಾನ್ಯವಾಗಿ ಒಂದೇ: "ನೆತ್ತಿ ಒಣಗಿದೆ, ಎಣ್ಣೆ ಹಚ್ಚಿಕೊ." ವಾತ್ಸಲ್ಯದಿಂದ ಹುಟ್ಟಿದ ಈ ಉಪದೇಶವನ್ನು ಅಲ್ಲಗಳೆಯಲು ಮನಸ್ಸು ಹಿಂಜರಿಯುತ್ತದೆಯಾದರೂ, ವ್ಯಾಧಿಯ ಮೂಲವನ್ನು ಅದು ಬಹುಮಟ್ಟಿಗೆ ತಪ್ಪಾಗಿ ಗ್ರಹಿಸಿದೆಯೆಂದು ಹೇಳದೆ ವಿಧಿಯಿಲ್ಲ.

ಈ ಬಾಧೆ ಇಂದಿನದಲ್ಲ. ನೆತ್ತಿಯ ಚರ್ಮವು ಗಡುಸಾಗಿ, ತುರಿಸಿ, ರೂಕ್ಷವಾಗಿ ಬಿರಿಯುವ 'ದಾರುಣಕ'ವೆಂಬ ರೋಗವನ್ನು ಸುಶ್ರುತಸಂಹಿತೆಯು ಕ್ಷುದ್ರರೋಗಗಳ ಸಾಲಿನಲ್ಲಿ ಹೇಳಿದೆ. ಹೊಟ್ಟಿನ ಪೊರೆಗಳಲ್ಲಿ ಅಡಗಿದ್ದ ಶಿಲೀಂಧ್ರವನ್ನು ಫ್ರಾನ್ಸಿನ ಲೂಯಿ ಶಾರ್ಲ್ ಮಲಾಸೆ ವರ್ಣಿಸಿದ್ದು 1874ರಲ್ಲಿ. ಆ ಕುಲಕ್ಕೆ ಮಲಸೀಜಿಯ ಎಂದು ಅವನದೇ ಹೆಸರು ನಿಂತಿದೆ. ಹೆಚ್ಚುಕಡಮೆ ಪ್ರತಿಯೊಬ್ಬ ವಯಸ್ಕನ ನೆತ್ತಿಯಲ್ಲಿಯೂ ನೆಲೆಸಿರುವ ಈ ಜೀವಿಗೆ ನಮ್ಮ ಚರ್ಮದ ಗ್ರಂಥಿಗಳು ಒಸರುವ ಜಿಡ್ಡೇ ಆಹಾರ. ಅದು ಜಿಡ್ಡನ್ನು ಒಡೆದು ತನಗೆ ಬೇಕಾದುದನ್ನು ಹೀರಿ, ಓಲಿಯಿಕ್ ಆಮ್ಲವೇ ಮೊದಲಾದ ಉಳಿಕೆಯನ್ನು ಬಿಟ್ಟಾಗ, ಅದನ್ನು ಸಹಿಸಲಾರದ ನೆತ್ತಿ ಕೆರಳುತ್ತದೆ. ಸುಮಾರು ಒಂದು ತಿಂಗಳ ಅವಧಿಯಲ್ಲಿ ಬೆಳೆದು ಕಣ್ಣಿಗೆ ಕಾಣದಂತೆ ಕಳಚಿಹೋಗಬೇಕಾದ ಚರ್ಮಕೋಶಗಳು ಅವಸರದಿಂದ ಹುಟ್ಟಿ, ಪಕ್ವವಾಗುವ ಮುನ್ನವೇ ಗುಂಪುಗೂಡಿ ಉದುರತೊಡಗುತ್ತವೆ. ಗ್ರಂಥಿಗಳು ಚುರುಕಾಗುವ ಹದಿಹರೆಯದಲ್ಲಿಯೇ ಹೊಟ್ಟು ತಲೆದೋರುವುದಕ್ಕೆ ಕಾರಣವೂ ಇದೇ. ಹೊಟ್ಟು ಅಂಟುಜಾಡ್ಯವಲ್ಲ, ಕೊಳಕುತನದ ಕುರುಹೂ ಅಲ್ಲ. ಅದಕ್ಕಾಗಿ ಒಂದು ಮಗುವನ್ನು ನಾಚಿಸುವುದು ಅನ್ಯಾಯವೇ ಸರಿ.

ಪ್ರಯೋಗಶಾಲೆಯಲ್ಲಿ ಈ ಶಿಲೀಂಧ್ರವನ್ನು ಬೆಳೆಸುವವರು ಆಹಾರದ್ರವ್ಯದ ಮೇಲೆ ಆಲಿವ್ ಎಣ್ಣೆಯನ್ನು ಎರೆಯುವ ಪದ್ಧತಿಯುಂಟೆಂಬುದನ್ನು ನೆನೆದರೆ, ಹೊಟ್ಟೆದ್ದ ತಲೆಗೆ ಎಣ್ಣೆ ಬಳಿದು ರಾತ್ರಿಯೆಲ್ಲ ಹಾಗೆಯೇ ಬಿಡುವುದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಎಣ್ಣೆ ಹೊಟ್ಟನ್ನು ಕೂದಲಿಗೆ ಅಂಟಿಸಿ ಕ್ಷಣಕಾಲ ಮರೆಮಾಡೀತು, ನೀಗಲಾರದು.

ಹಾಗಾದರೆ ನಮ್ಮ ಅಭ್ಯಂಜನ ನಿರರ್ಥಕವೇ? ಖಂಡಿತವಾಗಿ ಅಲ್ಲ. ನರಕ ಚತುರ್ದಶಿಯ ಮುಂಜಾನೆ ಎಣ್ಣೆಯೊತ್ತಿಸಿಕೊಂಡವನನ್ನು ನಮ್ಮ ಅಜ್ಜಿಯರು ಹಾಗೆಯೇ ಬಿಡುತ್ತಿರಲಿಲ್ಲ. ಹಂಡೆಯ ಬಿಸಿನೀರೆರೆದು, ಸೀಗೆಪುಡಿಯನ್ನೋ ಅಂಟುವಾಳದ ನೊರೆಯನ್ನೋ ಚಿಗರೆಪುಡಿಯನ್ನೋ ಹಾಕಿ, ಮಲೆನಾಡಿನಲ್ಲಾದರೆ ಮತ್ತಿಯ ಅಥವಾ ದಾಸವಾಳದ ಸೊಪ್ಪಿನ ಲೋಳೆಯಿಂದ, ಜಿಡ್ಡು ಹೋಗುವವರೆಗೆ ತಲೆಯನ್ನು ತಿಕ್ಕುತ್ತಿದ್ದರು. ಸೀಗೆ, ಅಂಟುವಾಳಗಳಲ್ಲಿರುವ ಸಪೋನಿನ್ ಎಂಬ ದ್ರವ್ಯ ಸಾಬೂನಿನಂತೆಯೇ ಜಿಡ್ಡನ್ನು ನೀರಿಗೆ ಸೇರಿಸಿ ಕೊಂಡೊಯ್ಯುತ್ತದೆ. ಅಭ್ಯಂಜನದ ಸಾರ್ಥಕ್ಯ ಹಚ್ಚುವುದರಲ್ಲಿ ಎಷ್ಟಿತ್ತೋ ತೊಳೆಯುವುದರಲ್ಲಿಯೂ ಅಷ್ಟೇ ಇತ್ತು. ನಾವು ಮೊದಲರ್ಧವನ್ನು ಮಾತ್ರ ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟೆವೆಂಬುದೇ ನನ್ನ ವ್ಯಥೆ.

ಜಿಡ್ಡಿನ ತಲೆಯವರು ವಾರಕ್ಕೆ ಎರಡು ಮೂರು ಸಲವಾದರೂ ಮೃದುವಾದ ಶಾಂಪೂವಿನಿಂದ ನೆತ್ತಿಯನ್ನು ತೊಳೆಯುವುದೊಳಿತು. ಅಷ್ಟರಿಂದ ಶಮನವಾಗದಿದ್ದರೆ ಜಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್, ಅಥವಾ ಶೇಕಡಾ 2ರ ಕೆಟೊಕೊನಜೋಲ್ ಇರುವ ಔಷಧೀಯ ಶಾಂಪೂಗಳುಂಟು. ಕೆಟೊಕೊನಜೋಲ್ ಅನ್ನು ವಾರಕ್ಕೆರಡು ಬಾರಿಯಂತೆ 2ರಿಂದ 4 ವಾರ ಬಳಸುವುದು ರೂಢಿ. ಹಚ್ಚಿದೊಡನೆ ತೊಳೆಯದೆ 3ರಿಂದ 5 ನಿಮಿಷ ನೆತ್ತಿಯ ಮೇಲಿರಗೊಡಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ, ನೊರೆ ಕಂಡೊಡನೆ ನೀರೆರೆದು, ಮದ್ದು ನಾಟಲಿಲ್ಲವೆಂದು ದೂರುತ್ತಾರೆ. ನಿಂಬೆರಸವನ್ನು ನೆತ್ತಿಗೆ ತಿಕ್ಕುವುದು, ಉಗುರಿನಿಂದ ಕೆರೆದು ಹೊಟ್ಟೆಬ್ಬಿಸುವುದು ಇವೆರಡೂ ಕೆರಳಿದ ಚರ್ಮವನ್ನು ಮತ್ತಷ್ಟು ಕೆರಳಿಸುತ್ತವೆ.

ಹೊಟ್ಟು ಒಮ್ಮೆ ಅಡಗಿತೆಂದರೆ ನಿರ್ಮೂಲವಾಯಿತೆಂದು ತಿಳಿಯಲಾಗದು. ಬಿಟ್ಟರೆ ಮರಳಿ ಬರುವ ಸ್ವಭಾವ ಅದರದು. ಹುಬ್ಬು, ಮೂಗಿನ ಬದಿ, ಕಿವಿಯ ಹಿಂಭಾಗ ಕೆಂಪಾಗಿ ಪೊರೆಯೆದ್ದರೆ, ನೆತ್ತಿಯ ಮೇಲೆ ದಪ್ಪನೆಯ ಹಕ್ಕಳೆ ಕಟ್ಟಿದರೆ, ಅಥವಾ ಮಕ್ಕಳ ತಲೆಯಲ್ಲಿ ಕೂದಲು ತೇಪೆತೇಪೆಯಾಗಿ ಉದುರಿದರೆ, ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಚರ್ಮವೈದ್ಯರಿಗೆ ತೋರಿಸಿರಿ.